ಬಾಲ್ಯಕ್ಕೆ ಮೀಟರ್ ಬಿದ್ದ ಕಾಲ

ಇಂಟರ್ನೆಟ್ ಮಕ್ಕಳನ್ನು ಕೆಡಿಸಿತೋ ಉದ್ಧಾರ ಮಾಡಿತೋ ಅನ್ನುವ ಚರ್ಚೆ ಇವತ್ತು ಬೇಡ. ಅದಕ್ಕೆ ಟಿವಿ ಚಾನೆಲ್‌ಗಳಿವೆ. ನಾವು 1995ರಿಂದ 2005ರವರೆಗಿನ ಹತ್ತು ವರ್ಷವನ್ನು ಮುಂದಿಟ್ಟುಕೊಂಡು ಎರಡೇ ಪ್ರಶ್ನೆ ಕೇಳೋಣ. ತಂತಿ ಎಲ್ಲಿಗೆ ಬಂದು ನಿಂತಿತು? ದುಡ್ಡನ್ನು ಯಾವ ಲೆಕ್ಕದಲ್ಲಿ ಕಟ್ಟಬೇಕಿತ್ತು?

ಓಹಿಯೋದ ಹುಡುಗಿ, ಟೋಕಿಯೊದ ಹುಡುಗಿ, ಸೋಲ್‌ನ ಹುಡುಗ, ದಾವಣಗೆರೆಯ ಹುಡುಗ, ಈ ನಾಲ್ವರಿಗೂ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಜಾಲ. ಒಬ್ಬಳಿಗೆ ಅದು ಮನೆಯ ಹಜಾರದಲ್ಲಿ ಸಿಕ್ಕಿತು, ಇನ್ನೊಬ್ಬಳಿಗೆ ಅಂಗೈಯಲ್ಲಿ, ಹುಡುಗರಿಬ್ಬರಿಗೆ ಅಂಗಡಿಯಲ್ಲಿ. ಸಾಮಾನ್ಯವಾಗಿ ಈ ವ್ಯತ್ಯಾಸಕ್ಕೆ ಸಂಸ್ಕೃತಿಯ ಕಾರಣ ಕೊಡುತ್ತಾರೆ. ಕೊರಿಯಾದವರಿಗೆ ಪೈಪೋಟಿಯ ಹುಚ್ಚು, ಜಪಾನಿನವರಿಗೆ ಸಂಕೋಚ, ನಮ್ಮವರಿಗೆ ಮಡಿವಂತಿಕೆ ಎಂದು. ಅದರ ಪಾಲು ಇಲ್ಲವೆಂದಲ್ಲ. ಆದರೆ ಮೊದಲು ಟೆಲಿಫೋನ್ ಬಿಲ್ ನೋಡಿ, ಆಮೇಲೆ ಸಂಸ್ಕೃತಿಗೆ ಕೈಹಾಕುವುದು ಕ್ಷೇಮ.

ಅಮೆರಿಕದಿಂದ ಶುರುಮಾಡೋಣ. ಅಲ್ಲಿ ಬಹುತೇಕ ಮನೆಗಳಲ್ಲಿ ಸ್ಥಳೀಯ ಕರೆಗೆ ಪ್ರತ್ಯೇಕ ಲೆಕ್ಕ ಇರಲಿಲ್ಲ, ತಿಂಗಳ ಬಾಡಿಗೆಯಲ್ಲೇ ಎಲ್ಲವೂ ಸೇರಿತ್ತು. ಓಡುತ್ತಿದ್ದದ್ದು ಇಂಟರ್ನೆಟ್ ಕಂಪನಿಯ ಮೀಟರ್ ಮಾತ್ರ. ಎಒಎಲ್ ಐದು ಗಂಟೆಗೆ 9.95 ಡಾಲರ್ ತೆಗೆದುಕೊಂಡು, ಮೇಲಿನ ಪ್ರತಿ ಗಂಟೆಗೆ 2.95 ಡಾಲರ್ ಹಾಕುತ್ತಿತ್ತು. 1996ರ ಡಿಸೆಂಬರ್‌ನಲ್ಲಿ ಅದು ತಿಂಗಳಿಗೆ 19.95 ಡಾಲರ್, ಎಷ್ಟು ಬೇಕಾದರೂ ಬಳಸಿ ಎಂದಿತು. ಮರುತಿಂಗಳೇ ಅದರ ಲೈನುಗಳೆಲ್ಲ ಎಂಗೇಜ್. ಒಮ್ಮೆ ಸೇರಿದವರು ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂದು ಲೈನ್ ಇಳಿಯಲೇ ಇಲ್ಲ.

ದುಡ್ಡಿನ ಭಯ ಹೋದ ಮೇಲೆ ಉಳಿದದ್ದು ಫೋನ್ ಲೈನಿನ ಜಗಳ. ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಮತ್ತು ಮಾತು, ಎರಡಕ್ಕೂ ಒಂದೇ ತಾಮ್ರದ ಜೋಡಿ. ಅಡುಗೆಮನೆಯ ಎಕ್ಸ್‌ಟೆನ್ಷನ್ ಫೋನನ್ನು ಅಮ್ಮ ಎತ್ತಿದರೆ ಸಂಪರ್ಕ ಕಡಿಯಿತು. ಕಾಲ್ ವೇಟಿಂಗ್‌ನ ಒಂದು ಬೀಪ್ ಬಂದರೂ ಸಾಕು, ಆಚೆಯ ಮೋಡೆಮಿನ ದನಿ ನಿಂತಿತೆಂದು ಈಚೆಯದು ಕೈಬಿಡುತ್ತಿತ್ತು. ಇದಕ್ಕೆ ಅಲ್ಲಿನ ಮಕ್ಕಳು ಕಂಡುಕೊಂಡ ಮದ್ದು, ಡಯಲ್ ಮಾಡುವ ನಂಬರಿನ ಮುಂದೆ *70 ಎಂದು ಸೇರಿಸಿ ಒಂದೆರಡು ಅಲ್ಪವಿರಾಮ ಹಾಕುವುದು. *70 ಆ ಒಂದು ಕರೆಯ ಮಟ್ಟಿಗೆ ಕಾಲ್ ವೇಟಿಂಗನ್ನು ಆರಿಸುತ್ತದೆ. ಪ್ರತಿ ಅಲ್ಪವಿರಾಮಕ್ಕೆ ಮೋಡೆಮ್ ಎರಡು ಸೆಕೆಂಡ್ ಕಾಯುತ್ತದೆ, ಎಕ್ಸ್‌ಚೇಂಜಿನಿಂದ ಮತ್ತೆ ಡಯಲ್ ಟೋನ್ ಬರಲು ಅಷ್ಟು ಸಮಯ ಬೇಕು. ಅಜ್ಜಿ ಸಂಜೆಯಿಡೀ ಫೋನ್ ಮಾಡಿ ಎಂಗೇಜ್ ಟೋನ್ ಕೇಳುತ್ತಿದ್ದರೆ ಅದರ ಹಿಂದೆ ಹನ್ನೆರಡು ವರ್ಷದ ಮೊಮ್ಮಗನ ಈ ಮೂರು ಅಕ್ಷರಗಳ ವಿದ್ಯೆ ಇರುತ್ತಿತ್ತು.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 56ಕೆ ಎಂದು ಡಬ್ಬದ ಮೇಲೆ ಬರೆದಿದ್ದ ಮೋಡೆಮ್ ಅಮೆರಿಕದಲ್ಲಿ ನಿಯಮದ ಪ್ರಕಾರವೇ 53ಕೆ ದಾಟುವಂತಿರಲಿಲ್ಲ. ಕೈಗೆ ಸಿಗುತ್ತಿದ್ದದ್ದು ಸೆಕೆಂಡಿಗೆ ನಾಲ್ಕೈದು ಕೆಬಿ. ನಾಲ್ಕು ಎಂಬಿಯ ಒಂದು ಹಾಡಿಗೆ ಸುಮಾರು ಕಾಲು ಗಂಟೆ, ಅದೂ ಯಾರೂ ಫೋನ್ ಎತ್ತದಿದ್ದರೆ. ಆ ಕಾಲು ಗಂಟೆ ಮಕ್ಕಳು ಏನು ಮಾಡುತ್ತಿದ್ದರು? ಗೆಳೆಯರ ಜೊತೆ ಎಒಎಲ್ ಇನ್‌ಸ್ಟಂಟ್ ಮೆಸೆಂಜರ್‌ನಲ್ಲಿ ಹರಟೆ. ಬೆಳಿಗ್ಗೆ ಶಾಲೆಯಲ್ಲಿ ಕಂಡವರೇ ಸಂಜೆ ಅಲ್ಲಿಯೂ. ಮೊದಲ ಕಾಲದ ಜಾಲ ಮಕ್ಕಳನ್ನು ಜಗತ್ತಿಗೆ ಜೋಡಿಸಿತು ಎಂದು ಎಲ್ಲರೂ ಹೇಳುತ್ತಾರೆ. ಅಮೆರಿಕದಲ್ಲಿ ಅದು ಹೆಚ್ಚಾಗಿ ಜೋಡಿಸಿದ್ದು ಒಂದೇ ತರಗತಿಯ ಮಕ್ಕಳನ್ನು.

ಇನ್ನೊಂದು ಸಂಗತಿ ಅಲ್ಲಿಂದ ಹೊರಟು ನಮ್ಮವರೆಗೂ ಬಂದಿದೆ. ಹದಿಮೂರು ವರ್ಷದೊಳಗಿನ ಮಕ್ಕಳ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕೆಂಬ ಕಾನೂನು ಅಲ್ಲಿ 1998ರಲ್ಲಿ ಆಯಿತು, 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಒಪ್ಪಿಗೆ ಪಡೆಯುವ ತಾಪತ್ರಯ ಬೇಡವೆಂದು ಬಹಳಷ್ಟು ಕಂಪನಿಗಳು ಹದಿಮೂರರ ಒಳಗಿನವರಿಗೆ ಬಾಗಿಲು ಹಾಕಿದವು. ಪರಿಣಾಮ ಊಹಿಸುವುದು ಕಷ್ಟವಲ್ಲ, ಮಕ್ಕಳು ಹುಟ್ಟಿದ ವರ್ಷವನ್ನು ಹಿಂದೆ ತಳ್ಳಿದರು. ಹಾಸನದ ಹುಡುಗಿಯೊಬ್ಬಳು ಖಾತೆ ತೆರೆಯುವಾಗ ಮೂರು ವರ್ಷ ದೊಡ್ಡವಳಾಗುತ್ತಿದ್ದದ್ದು ವಾಷಿಂಗ್ಟನ್ನಿನ ಕಾನೂನಿಗಾಗಿ.

ಬ್ರಿಟನ್ನಿನಲ್ಲಿ ಸ್ಥಳೀಯ ಕರೆಗೂ ನಿಮಿಷದ ಲೆಕ್ಕ, ಸಂಜೆ ಆರರ ನಂತರ ಅಗ್ಗ. 1998ರ ಸೆಪ್ಟೆಂಬರ್‌ನಲ್ಲಿ ಬಂದ ಫ್ರೀಸರ್ವ್ ತಿಂಗಳ ಚಂದಾ ಕೇಳಲಿಲ್ಲ. ಅದರ ಆದಾಯ ಫೋನ್ ಕರೆಯ ದುಡ್ಡಿನ ಪಾಲಿನಿಂದ ಬರುತ್ತಿತ್ತು, ಹಾಗಾಗಿ ಮಗು ಹೆಚ್ಚು ಹೊತ್ತು ಕೂತಷ್ಟೂ ಅದಕ್ಕೆ ಲಾಭ. ಅಲ್ಲಿನ ಮನೆಗಳಲ್ಲಿ ಸಂಪರ್ಕ ಹಾಕು, ಬೇಕಾದ ಪುಟಗಳನ್ನೆಲ್ಲ ತೆರೆ, ಸಂಪರ್ಕ ಕಡಿ, ಆಮೇಲೆ ನಿಧಾನವಾಗಿ ಓದು ಅನ್ನುವ ಶಿಸ್ತು ಬಂತು. ಫಿನ್ಲೆಂಡಿನ ಕಥೆ ಬೇರೆ. ಅಲ್ಲಿನ ಮಕ್ಕಳ ಬಳಿ ಕ್ರೆಡಿಟ್ ಕಾರ್ಡ್ ಇರಲಿಲ್ಲ, ಮೊಬೈಲ್ ಇತ್ತು. ಹೆಲ್ಸಿಂಕಿಯಲ್ಲಿ 2000ದಲ್ಲಿ ಶುರುವಾದ ಹಬ್ಬೊ ಹೋಟೆಲ್ ಎಂಬ ಆಟದಲ್ಲಿ ಬೊಂಬೆ ಕೋಣೆಗೆ ಕುರ್ಚಿ ಮೇಜು ಕೊಳ್ಳಲು ದುಬಾರಿ ದರದ ಎಸ್ಸೆಮ್ಮೆಸ್ ಕಳಿಸಿದರೆ ಸಾಕಿತ್ತು, ದುಡ್ಡು ಅಪ್ಪನ ಫೋನ್ ಬಿಲ್ಲಿಗೆ ಸೇರುತ್ತಿತ್ತು. ಇವತ್ತಿನ ಆಟಗಳ ಒಳವ್ಯಾಪಾರದ ಅಜ್ಜ ಇದೇ.

ಜಪಾನಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಅಲ್ಲಿ ಎರಡು ಮೀಟರ್‌ಗಳು ಎರಡು ಬಗೆಯ ಬಾಲ್ಯಗಳನ್ನು ಮಾಡಿದವು.

ಮೊದಲನೆಯದು ಮನೆಯ ಫೋನ್. ಸ್ಥಳೀಯ ಕರೆ ಮೂರು ನಿಮಿಷಕ್ಕೆ ಹತ್ತು ಯೆನ್. ಕಂಪ್ಯೂಟರಿನಲ್ಲಿ ಎರಡು ಗಂಟೆ ಕೂತರೆ 400 ಯೆನ್ ಮಾಯ. 1995ರಲ್ಲಿ ಎನ್‌ಟಿಟಿ ಎಂಬ ಫೋನ್ ಕಂಪನಿ ಒಂದು ಯೋಜನೆ ತಂದಿತು, ಹೆಸರು ಟೆರೆಹೋದಾಯಿ. ಮೊದಲೇ ಗೊತ್ತುಮಾಡಿದ ನಂಬರಿಗೆ ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಮಾತಾಡಿದರೂ ತಿಂಗಳಿಗೆ ಒಂದೇ ಮೊತ್ತ. ಕಂಪ್ಯೂಟರಿನ ಹುಚ್ಚಿದ್ದ ಹುಡುಗರಿಗೆ ಹಗಲು ರಾತ್ರಿ ಅದಲುಬದಲಾಯಿತು. ಹನ್ನೊಂದು ಹೊಡೆಯುತ್ತಲೇ ಇಡೀ ದೇಶ ಒಟ್ಟಿಗೆ ಡಯಲ್ ಮಾಡುತ್ತಿತ್ತು, ಹಾಗಾಗಿ ಮೊದಲ ಒಂದು ತಾಸು ಎಲ್ಲವೂ ಆಮೆ ನಡಿಗೆ. ತಿಳಿದವರು 10:55ಕ್ಕೇ ಒಂದಷ್ಟು ಯೆನ್ ಕಳೆದುಕೊಂಡು ಸೇರಿಬಿಡುತ್ತಿದ್ದರು. ಜಪಾನಿ ಯುವಕರು ನಿಶಾಚರರು ಎಂದು ಮನಶ್ಶಾಸ್ತ್ರದ ವ್ಯಾಖ್ಯಾನ ಮಾಡುವವರು ಈ ದರಪಟ್ಟಿಯನ್ನು ಒಮ್ಮೆ ನೋಡಬೇಕು.

ಎರಡನೆಯದು ಶಾಲೆಯ ಹುಡುಗಿಯರ ಜಾಲ, ಅದು ಕಂಪ್ಯೂಟರಿನ ಹತ್ತಿರ ಹೋಗಲೇ ಇಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಅವರ ಕೈಗೆ ಪೇಜರ್ ಬಂತು, ಫೋನಿನಿಂದ ಕಳಿಸಿದ ಸಂದೇಶವನ್ನು ತೋರಿಸುವ ಪುಟ್ಟ ಯಂತ್ರ. ತೆರೆಯ ಮೇಲೆ ಅಂಕಿ ಮಾತ್ರ. ಜಪಾನಿಯಲ್ಲಿ ಒಂದೊಂದು ಅಂಕಿಗೂ ಎರಡು ಮೂರು ಉಚ್ಚಾರಣೆ ಇರುವುದರಿಂದ 0840 ಎಂದರೆ ‘ಒಹಾಯೋ’, ಅಂದರೆ ಬೆಳಗಿನ ನಮಸ್ಕಾರ. 4649 ಎಂದರೆ ‘ಯೊರೋಶಿಕು’, ನಿಮ್ಮ ವಿಶ್ವಾಸವಿರಲಿ ಎಂಬ ಸೌಜನ್ಯದ ಮಾತು. 14106 ಎಂದರೆ ‘ಆಯಿಶಿತೆರು’, ನಿನ್ನ ಮೇಲೆ ಪ್ರೀತಿ. ಶಾಲೆಯ ಬಳಿಯ ಸಾರ್ವಜನಿಕ ಫೋನಿನ ಮುಂದೆ ಸಾಲು ನಿಂತು, ಗುಂಡಿಗಳನ್ನು ನೋಡದೆ ಒತ್ತುವ ವೇಗ ಅವರದು. ಪೇಜರನ್ನು ಕಂಪನಿಗಳು ಮಾಡಿದ್ದು ಮಾರಾಟ ಪ್ರತಿನಿಧಿಗಳನ್ನು ಕಚೇರಿಗೆ ಕರೆಸಲು ಎಂಬುದನ್ನು ನೆನಪಿಡಿ.

1999ರ ಫೆಬ್ರವರಿ 22ಕ್ಕೆ ಡೊಕೊಮೊ ಕಂಪನಿ ಮೊಬೈಲಿನಲ್ಲೇ ಇಂಟರ್ನೆಟ್ ಕೊಡುವ ಐ-ಮೋಡ್ ತೆರೆದಾಗ ಈ ಅಭ್ಯಾಸ ಸಿದ್ಧವಾಗಿತ್ತು. ಐ-ಮೋಡಿನ ಮೀಟರ್ ಸಮಯವನ್ನು ಅಳೆಯಲಿಲ್ಲ, ಅಕ್ಷರವನ್ನು ಅಳೆಯಿತು. 128 ಬೈಟಿನ ಒಂದು ಪ್ಯಾಕೆಟ್ಟಿಗೆ 0.3 ಯೆನ್. ಒಂದು ಜಪಾನಿ ಅಕ್ಷರಕ್ಕೆ ಎರಡು ಬೈಟ್, ಹಾಗಾಗಿ ಪ್ಯಾಕೆಟ್ಟಿಗೆ 64 ಅಕ್ಷರ. ಒಂದು ಮೇಲ್‌ಗೆ 250 ಅಕ್ಷರದ ಮಿತಿ. ಈ ಇಕ್ಕಟ್ಟಿನಲ್ಲಿ ಕೋಪವೋ ತಮಾಷೆಯೋ ತಿಳಿಸುವುದು ಹೇಗೆ? ಶಿಗೆತಾಕಾ ಕುರಿತಾ ರೂಪಿಸಿದ 176 ಇಮೋಜಿಗಳು ಇಲ್ಲಿ ಕೆಲಸಕ್ಕೆ ಬಂದವು. ಹನ್ನೆರಡಕ್ಕೆ ಹನ್ನೆರಡು ಚುಕ್ಕಿಯ ಚೌಕದಲ್ಲಿ ಒಂದು ಚಿತ್ರ, ಬೆಲೆ ಎರಡೇ ಬೈಟ್. ಸಮಯಕ್ಕೆ ಲೆಕ್ಕವಿಲ್ಲದ್ದರಿಂದ ಸಂಪರ್ಕ ಕಡಿಯುವ ಪ್ರಶ್ನೆಯೇ ಇಲ್ಲ. ರೈಲಿನಲ್ಲಿ, ಹಾಸಿಗೆಯಲ್ಲಿ, ಸ್ನಾನದ ಮನೆಯಲ್ಲೂ ಫೋನ್. ಅಪ್ಪ ಅಮ್ಮ ಭುಜದ ಮೇಲಿಂದ ಇಣುಕುವ ಅವಕಾಶ ಹೋಯಿತು. ಗೆಳತಿಯ ಮೇಲ್‌ಗೆ ಕೂಡಲೇ ಉತ್ತರಿಸದಿದ್ದರೆ ಮುನಿಸು ಎಂಬ ಕಾಟವೂ ಅಲ್ಲಿಯೇ ಮೊದಲು ದೊಡ್ಡದಾಗಿ ಕಂಡದ್ದು. ಅಪರಿಚಿತ ವಯಸ್ಕರು ಡೇಟಿಂಗ್ ತಾಣಗಳ ಮೂಲಕ ಹುಡುಗಿಯರನ್ನು ತಲುಪತೊಡಗಿದಾಗ 2003ರಲ್ಲಿ ಅದರ ವಿರುದ್ಧ ಪ್ರತ್ಯೇಕ ಕಾನೂನೇ ಬೇಕಾಯಿತು.

ಕೊರಿಯಾದಲ್ಲಿ ತಂತಿ ಅಂಗಡಿಗೆ ಬಂತು. 1997ರ ಹಣಕಾಸು ಬಿಕ್ಕಟ್ಟಿನಲ್ಲಿ ಕೆಲಸ ಕಳೆದುಕೊಂಡವರಲ್ಲಿ ಅನೇಕರು ಕೈಯಲ್ಲಿದ್ದ ದುಡ್ಡಿಗೆ ಒಂದಷ್ಟು ಕಂಪ್ಯೂಟರ್ ಕೊಂಡು ‘ಪಿಸಿ ಬಾಂಗ್’ ತೆರೆದರು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ ಬಂತು. ಗಂಟೆಗೆ ಸಾವಿರದಿಂದ ಎರಡು ಸಾವಿರ ವಾನ್, ಶಾಲೆಯ ಹುಡುಗನ ಜೇಬಿಗೆ ಎಟುಕುವ ದರ. 2001ರ ಹೊತ್ತಿಗೆ ಇಂಥ ಅಂಗಡಿಗಳು 20 ಸಾವಿರ ದಾಟಿದ್ದವು. ಅಲ್ಲಿ ಹುಡುಗರು ಅಕ್ಕಪಕ್ಕ ಕೂತು, ಒಂದೇ ತಂಡವಾಗಿ, ನೂಡಲ್ಸ್ ತಿನ್ನುತ್ತ ಆಡುತ್ತಿದ್ದರು. ಇಂಟರ್ನೆಟ್ ಎಂದರೆ ಒಂಟಿತನ ಎಂದು ಅಮೆರಿಕದ ಪಂಡಿತರು ಬರೆಯುತ್ತಿದ್ದಾಗ ಕೊರಿಯಾದ ತಾಯಂದಿರ ದೂರು ಅದಕ್ಕೆ ತದ್ವಿರುದ್ಧ: ಮಗ ಗೆಳೆಯರನ್ನು ಬಿಟ್ಟು ಮನೆಗೇ ಬರುವುದಿಲ್ಲ.

ಮನೆಯ ಬ್ರಾಡ್‌ಬ್ಯಾಂಡೂ ಅಲ್ಲಿ ಬೇಗ ಬಂತು, 1999ರಲ್ಲೇ ಎಡಿಎಸ್‌ಎಲ್, ಅಂದರೆ ಫೋನಿನ ತಂತಿಯಲ್ಲೇ ಬರುವ ವೇಗದ ಸಂಪರ್ಕ. ಎಡಿಎಸ್‌ಎಲ್ ಸಂಕೇತ ತಾಮ್ರದ ತಂತಿಯಲ್ಲಿ ದೂರ ಹೋದಷ್ಟೂ ಸೊರಗುತ್ತದೆ. ಕೊರಿಯಾದ ನಗರಗಳ ಜನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಒತ್ತಾಗಿ ವಾಸಿಸುತ್ತಿದ್ದದ್ದರಿಂದ ಒಂದು ಕಟ್ಟಡಕ್ಕೆ ಸಂಪರ್ಕ ಕೊಟ್ಟರೆ ನೂರಾರು ಮನೆಗೆ ತಲುಪುತ್ತಿತ್ತು. ಮನೆಯಲ್ಲಿ ವೇಗದ ಸಂಪರ್ಕ ಇದ್ದೂ ಹುಡುಗರು ಅಂಗಡಿಗೆ ಹೋಗುತ್ತಿದ್ದರು ಎನ್ನುವಲ್ಲಿ ನೀವು ಸಂಸ್ಕೃತಿಯ ಮಾತು ಎತ್ತಬಹುದು, ನಾನು ತಡೆಯುವುದಿಲ್ಲ. ಮಕ್ಕಳ ಓದಿನ ಮೇಲೆ ಕಣ್ಣಿಟ್ಟ ಮನೆಯಿಂದ ತಪ್ಪಿಸಿಕೊಳ್ಳುವ ಜಾಗ ಅದು. ರಾತ್ರಿ ಹತ್ತರ ನಂತರ ಹದಿನೆಂಟರ ಒಳಗಿನವರು ಅಲ್ಲಿ ಇರುವಂತಿಲ್ಲ ಎಂಬ ನಿಯಮ ಬಂತು. ಹುಡುಗರು ಹತ್ತಕ್ಕೆ ಎದ್ದು ಮನೆಗೆ ಹೋಗಿ ಆಟ ಮುಂದುವರಿಸಿದರು. 2011ರ ನವೆಂಬರ್‌ನಿಂದ ಹದಿನಾರರೊಳಗಿನವರಿಗೆ ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟವೇ ಬಂದ್ ಎಂದು ಸರ್ಕಾರ ಕಾನೂನು ಮಾಡಿತು. ಖಾತೆ ತೆರೆಯಲು ಅಲ್ಲಿ 13 ಅಂಕಿಯ ನಾಗರಿಕ ಸಂಖ್ಯೆ ಕೊಡಬೇಕಿತ್ತು, ವಯಸ್ಸು ಅದರಲ್ಲೇ ಗೊತ್ತಾಗುತ್ತಿತ್ತು. ಮಕ್ಕಳು ಅಮ್ಮನ ಸಂಖ್ಯೆ ಬಾಯಿಪಾಠ ಮಾಡಿಕೊಂಡರು. ಹತ್ತು ವರ್ಷ ಈ ನಾಟಕ ನಡೆದು 2022ರ ಜನವರಿಯಲ್ಲಿ ಕಾನೂನು ರದ್ದಾಯಿತು.

ಚೀನಾದ ಅಂಗಡಿಗಳಿಗೆ ಕರಾಳ ತಿರುವು ಸಿಕ್ಕಿತು. 2002ರ ಜೂನ್ 16ರ ನಸುಕಿನಲ್ಲಿ ಬೀಜಿಂಗ್‌ನ ಲಾನ್‌ಜಿಸು ಎಂಬ ಇಂಟರ್ನೆಟ್ ಕೆಫೆಗೆ ಹದಿಹರೆಯದ ಹುಡುಗರು ಬೆಂಕಿ ಇಟ್ಟರು. ಕಿಟಕಿಗಳಿಗೆ ಕಬ್ಬಿಣದ ಸರಳು, 25 ಮಂದಿ ಸತ್ತರು, ಹೆಚ್ಚಿನವರು ವಿದ್ಯಾರ್ಥಿಗಳು. ಆ ವರ್ಷವೇ ಬಂದ ನಿಯಮದಲ್ಲಿ ಹದಿನೆಂಟರೊಳಗಿನವರಿಗೆ ಪ್ರವೇಶವಿಲ್ಲ, ಶಾಲೆಯಿಂದ 200 ಮೀಟರ್ ಒಳಗೆ ಅಂಗಡಿ ಇಲ್ಲ, ನಡುರಾತ್ರಿಯಿಂದ ಬೆಳಿಗ್ಗೆ ಎಂಟರವರೆಗೆ ಬಾಗಿಲು ತೆರೆಯುವಂತಿಲ್ಲ. ಮಕ್ಕಳು ಪರವಾನಗಿ ಇಲ್ಲದ ಕಳ್ಳ ಅಂಗಡಿಗಳಿಗೆ ಹೋದರು. ಒಂದು ತಾಂತ್ರಿಕ ಸಂಗತಿ ಇಲ್ಲಿ ಗಮನಿಸಬೇಕು. ಇಸ್ರೇಲಿನಿಂದ ಬಂದ ಐಸಿಕ್ಯೂ ಎಂಬ ಹರಟೆಯ ತಂತ್ರಾಂಶ ಗೆಳೆಯರ ಪಟ್ಟಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಡುತ್ತಿತ್ತು. ಸ್ವಂತ ಯಂತ್ರ ಇದ್ದವರಿಗೆ ಅದು ಸರಿ. ಅಂಗಡಿಗೆ ಹೋಗುವ ಹುಡುಗನಿಗೆ ಇವತ್ತು ಮೂರನೇ ಸೀಟು, ನಾಳೆ ಒಂಬತ್ತನೇ ಸೀಟು. ಸೀಟು ಬದಲಾದರೆ ಗೆಳೆಯರೆಲ್ಲ ಮಾಯ. 1999ರಲ್ಲಿ ಶುರುವಾದ, ಆಮೇಲೆ ಕ್ಯೂಕ್ಯೂ ಎಂದು ಹೆಸರಾದ ಚೀನೀ ತಂತ್ರಾಂಶ ಪಟ್ಟಿಯನ್ನು ಸರ್ವರಿನಲ್ಲಿ ಇಟ್ಟಿತು. ಪೈಪೋಟಿಯಲ್ಲಿ ಅದು ಗೆದ್ದದ್ದಕ್ಕೆ ಇದು ದೊಡ್ಡ ಕಾರಣ.

ಈಗ ನಮ್ಮ ಕಡೆಗೆ. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ವೇಗ 9.6 ಕೆಬಿಪಿಎಸ್. ಖಾಸಗಿ ಕಂಪನಿಗಳಿಗೆ ಅವಕಾಶ ಸಿಕ್ಕಿದ್ದು 1998ರ ಕೊನೆಗೆ. ಚಂದಾ ಒಂದು ಕಡೆ, ಫೋನಿನ ಪಲ್ಸ್ ಇನ್ನೊಂದು ಕಡೆ, ಎರಡು ಮೀಟರ್ ಒಟ್ಟಿಗೆ. ಸಂಪರ್ಕ ಕೇಂದ್ರ ಇಲ್ಲದ ಊರಿನವರಿಗೆ ಅದರ ಮೇಲೆ ಎಸ್‌ಟಿಡಿ ದರ ಬೇರೆ. ಮಧ್ಯಮ ವರ್ಗದ ಮನೆಗೂ ಅದು ನಿಲುಕದ್ದಾದ್ದರಿಂದ ಎಸ್‌ಟಿಡಿ ಬೂತ್, ಜೆರಾಕ್ಸ್ ಅಂಗಡಿಗಳೇ ಸೈಬರ್ ಆದವು. ‘ಸೈಬರ್‌ಗೆ ಹೋಗಿ ಬರ್ತೀನಿ’ ಅನ್ನುವ ಮಾತಿನಲ್ಲಿ ಕೆಫೆ ಎಂಬ ಪದವೇ ಬಿದ್ದುಹೋಗಿತ್ತು, ಕಾಫಿಯಂತೂ ಇರಲೇ ಇಲ್ಲ.

ಒಂದು ಸಾಧಾರಣ ಸೈಬರಿನ ಒಳಗನ್ನು ಲೆಕ್ಕ ಹಾಕಿ. ಎಂಟು ಯಂತ್ರ, ಒಂದು 64 ಕೆಬಿಪಿಎಸ್ ಲೈನ್. ಎಲ್ಲರೂ ಒಟ್ಟಿಗೆ ಕೂತರೆ ತಲೆಗೆ ಎಂಟು ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಒಂದೇ ಕೆಬಿ. ಅರವತ್ತು ಕೆಬಿಯ ಒಂದು ಫೋಟೊಗೆ ಒಂದು ನಿಮಿಷ. ಅರ್ಧ ಗಂಟೆಯ ದುಡ್ಡಿನಲ್ಲಿ ಹತ್ತು ನಿಮಿಷ ಮೇಲ್‌ಗೆ ಲಾಗಿನ್ ಆಗುವುದರಲ್ಲೇ ಹೋಯಿತು. ಮಕ್ಕಳು ಕಲಿತ ಉಪಾಯ, ಐದಾರು ಕಿಟಕಿ ಒಟ್ಟಿಗೆ ತೆರೆದು ಒಂದು ತುಂಬುವಾಗ ಇನ್ನೊಂದು ಓದುವುದು, ಮೂವರು ಸೇರಿ ಒಂದು ಸೀಟಿನ ದುಡ್ಡು ಹಂಚಿಕೊಳ್ಳುವುದು. ಉಳಿಸಿಕೊಳ್ಳಬೇಕಾದ್ದಕ್ಕೆ 1.44 ಎಂಬಿಯ ಫ್ಲಾಪಿ. ಮನೆಗೆ ಬರುವಷ್ಟರಲ್ಲಿ ಬ್ಯಾಡ್ ಸೆಕ್ಟರ್. ಆಮೇಲೆ ಪೆನ್‌ಡ್ರೈವ್ ಬಂತು, ಅದರ ಜೊತೆ ಆಟೋರನ್ ವೈರಸ್ಸೂ ಶಾಲೆಯ ಲ್ಯಾಬಿನವರೆಗೆ ಬಂತು. ಸೈನ್ ಔಟ್ ಮಾಡುವುದನ್ನು ಮರೆತವರ ಹೆಸರಿನಲ್ಲಿ ಮುಂದಿನ ಸೀಟಿನವನು ಪ್ರೇಮಪತ್ರ ಕಳಿಸಿದ ಪ್ರಸಂಗಗಳಿಗೆ ಯಾವ ಊರೂ ಹೊರತಲ್ಲ. 2004ರಲ್ಲಿ ಬಂದ ಆರ್ಕುಟ್ ಎಂಬ ಗೆಳೆತನದ ತಾಣದ ಸ್ಕ್ರ್ಯಾಪ್‌ಗಳನ್ನು, ಅಂದರೆ ಒಬ್ಬರಿಗೊಬ್ಬರು ಬರೆಯುವ ಚೀಟಿಗಳನ್ನು, ಮೊದಲಿಗೆ ಯಾರು ಬೇಕಾದರೂ ಓದಬಹುದಿತ್ತು, ಊರಿಗೆ ಊರೇ ಓದಿತು.

ಇನ್ನು ಕನ್ನಡ. ಯು. ಬಿ. ಪವನಜ ಅವರ ವಿಶ್ವಕನ್ನಡ ತಾಣ 1996ರಿಂದಲೇ ಜಾಲದಲ್ಲಿತ್ತು, ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂತು. ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಖ್ಯೆ ಗೊತ್ತುಮಾಡುವ ಯುನಿಕೋಡ್ ಎಂಬ ಮಾನದಂಡದಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು. ಆದರೂ ಸೈಬರಿನ ಹುಡುಗ ಕನ್ನಡದಲ್ಲಿ ಬರೆಯಲಿಲ್ಲ. ಅಂದಿನ ತಾಣಗಳಿಗೆ ತಮ್ಮ ತಮ್ಮ ಫಾಂಟ್ ಬೇಕಿತ್ತು. ಅಂಗಡಿಯ ಯಂತ್ರದಲ್ಲಿ ಏನನ್ನೂ ಹಾಕಲು ಬಿಡುತ್ತಿರಲಿಲ್ಲ, ಹಾಕಿದರೂ ಮರುದಿನಕ್ಕೆ ಅಳಿಸಿಹೋಗುತ್ತಿತ್ತು. ಫಾಂಟ್ ಇಲ್ಲದಿದ್ದರೆ ಪುಟವೆಲ್ಲ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು ನಿಜ. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಆಯ್ಕೆಗಳಿಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಬೇಕು, ಆಗ ಅದು ಮೂಲ ಸಿಡಿ ಕೇಳುತ್ತದೆ. ಸೈಬರ್ ಮಾಲೀಕರ ಬಳಿ ಮೂಲ ಸಿಡಿ! ಒಂದು ತಲೆಮಾರಿನ ಮಕ್ಕಳು ‘ಊಟ ಆಯ್ತಾ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೆ ಒಗ್ಗಿಹೋದರು. ಭಾಷಾಭಿಮಾನ ಇಲ್ಲದ ಪೀಳಿಗೆ ಎಂದು ಅವರನ್ನು ಬೈದವರಿಗೆ ಆ ಸಿಡಿಯ ವಿಷಯ ಗೊತ್ತಿರಲಿಲ್ಲ.

ದಿಲ್ಲಿಯ ಕಾಲ್ಕಾಜಿಯಲ್ಲಿ 1999ರ ಜನವರಿ 26ರಂದು ಸುಗತ ಮಿತ್ರ ಗೋಡೆಯಲ್ಲಿ ಕಿಂಡಿ ಕೊರೆದು ಕಂಪ್ಯೂಟರ್ ಇಟ್ಟ ಪ್ರಯೋಗ ಜಗತ್ಪ್ರಸಿದ್ಧ. ಕಲಿಸುವವರಿಲ್ಲದೆಯೂ ಮಕ್ಕಳು ಮೌಸ್ ಆಡಿಸಲು ಕಲಿತರು, ಅದು ನಿಜ. ಆದರೆ ಅಂಥ ಒಂದು ಕಿಂಡಿಯನ್ನು ಹೋಗಿ ನೋಡಿದ ಮಾರ್ಕ್ ವಾರ್ಷಾವರ್ ಎಂಬ ಸಂಶೋಧಕರು ಇಂಟರ್ನೆಟ್ ಹೆಚ್ಚಾಗಿ ಕೈಕೊಡುತ್ತಿತ್ತು, ಹಿಂದಿಯಲ್ಲಿ ಏನೂ ಇರಲಿಲ್ಲ, ಮಕ್ಕಳು ಬಹುಪಾಲು ಚಿತ್ರ ಬಿಡಿಸುತ್ತ ಆಟ ಆಡುತ್ತ ಇದ್ದರು ಎಂದು ಬರೆದರು. ನನ್ನ ದೃಷ್ಟಿಯಲ್ಲಿ ನಮ್ಮ ಮಕ್ಕಳ ಕಥೆಗೆ ಕಿಂಡಿಗಿಂತ ಸೈಬರೇ ಮುಖ್ಯ ಆಕರ. ಅಲ್ಲಿಗೆ ಹೋಗುವಷ್ಟು ದುಡ್ಡು ಎಲ್ಲ ಹುಡುಗರಲ್ಲಿ ಇರಲಿಲ್ಲ, ಹೋಗಲು ಅನುಮತಿ ಬಹಳಷ್ಟು ಹುಡುಗಿಯರಿಗೆ ಇರಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಇಡೀ ಕುಟುಂಬ ಅಲ್ಲಿ ಸಾಲುಗಟ್ಟುತ್ತಿತ್ತು.

ಇನ್ನೊಂದು ಗುಂಪಿಗೂ ಸೈಬರ್ ಬೇಕಿತ್ತು: ಮಕ್ಕಳು ಅಮೆರಿಕದಲ್ಲಿದ್ದ ಅಜ್ಜ ಅಜ್ಜಿಯರಿಗೆ. ಐಎಸ್‌ಡಿ ಕರೆಗೆ ನಿಮಿಷಕ್ಕೆ ಹತ್ತಾರು ರೂಪಾಯಿ. ಭಾರತದಲ್ಲಿ ಇಂಟರ್ನೆಟ್ ಮೂಲಕ ಮಾತಾಡುವುದು ಕಾನೂನುಬದ್ಧವಾದದ್ದು 2002ರ ಏಪ್ರಿಲ್ 1ಕ್ಕೆ. ಆಮೇಲೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೈಸೂರಿನ ಅಜ್ಜಿ ಹೆಡ್‌ಫೋನ್ ಹಾಕಿದರೆ ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ. ಒಂದೆರಡು ಸೆಕೆಂಡ್ ತಡವಾಗಿ ಬರುವ ದನಿಯಲ್ಲಿ ಮೊಮ್ಮಕ್ಕಳು ಕನ್ನಡ ಕೇಳಿದರು. ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾರದೂ ಕೇಳದು ಎಂಬುದನ್ನು ಅಜ್ಜಿಯರೇ ಮೊದಲು ಕಲಿತರು.

2011ರಲ್ಲಿ ಕೇಂದ್ರದ ಸೈಬರ್ ಕೆಫೆ ನಿಯಮಗಳು ಬಂದವು. ಸೀಟುಗಳ ನಡುವಿನ ವಿಭಜಕದ ಎತ್ತರ ನಾಲ್ಕೂವರೆ ಅಡಿ ಮೀರಬಾರದು, ಗುರುತಿನ ಚೀಟಿ ಇಲ್ಲದ ಅಪ್ರಾಪ್ತರ ಜೊತೆ ವಯಸ್ಕರು ಇರಬೇಕು, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಆಗಲೇ ಅಂಗಡಿಗಳು ಖಾಲಿಯಾಗತೊಡಗಿದ್ದವು.

ನಿಮ್ಮ ಊರಿನ ಈ ಚರಿತ್ರೆ ಬರೆಯುವ ಮನಸ್ಸಿದ್ದರೆ ಬೇಗ ಮಾಡಿ, ಸಾಕ್ಷ್ಯ ಕರಗುತ್ತಿದೆ. ಜನ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ತಾಣ ಅಮೆರಿಕದಲ್ಲಿ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ. ಸೈಬರ್ ರಿಜಿಸ್ಟರುಗಳು ಬಹುತೇಕ ರದ್ದಿಗೆ ಹೋಗಿವೆ. ಹಳೆಯ ಫ್ಲಾಪಿ ಸಿಕ್ಕರೆ ಮೊದಲು ಮೂಲೆಯ ಪ್ಲಾಸ್ಟಿಕ್ ಗುಂಡಿ ಸರಿಸಿ ರಂಧ್ರ ತೆರೆದಿರುವಂತೆ ಮಾಡಿ, ಆಗ ಅದರ ಮೇಲೆ ಏನೂ ಬರೆಯಲಾಗದು. ಯುಎಸ್‌ಬಿ ಫ್ಲಾಪಿ ಡ್ರೈವಿನಿಂದ ಕಡತಗಳನ್ನು ಒಂದೊಂದಾಗಿ ಎಳೆಯಬೇಡಿ, ಇಡೀ ಫ್ಲಾಪಿಯ ಪ್ರತಿಯನ್ನು ಒಂದೇ ಇಮೇಜ್ ಆಗಿ ತೆಗೆಯಿರಿ; ಕೆಟ್ಟ ಭಾಗವನ್ನು ದಾಟಿ ಮುಂದೆ ಹೋಗಿ ಆಮೇಲೆ ಮರಳಿ ಪ್ರಯತ್ನಿಸುವ ತಂತ್ರಾಂಶ ಬಳಸಿ. ಕನ್ನಡ ಕಡತ ತೆರೆದಾಗ ಲ್ಯಾಟಿನ್ ಕಸ ಕಂಡರೆ ಎಸೆಯಬೇಡಿ. ಅದು ಬರಹ, ನುಡಿ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ ಯಾವುದರದ್ದು ಎಂದು ಮೊದಲು ಪತ್ತೆಮಾಡಿ, ಆ ಫಾಂಟಿಗೆ ತಕ್ಕ ಪರಿವರ್ತಕದಿಂದ ಯುನಿಕೋಡಿಗೆ ತನ್ನಿ. ತಪ್ಪು ಪರಿವರ್ತಕ ಹಾಕಿದರೆ ಅರ್ಕಾವತ್ತು, ಒತ್ತಕ್ಷರಗಳೇ ಮೊದಲು ಕೆಡುತ್ತವೆ. ಹಾಗಾಗಿ ಮೂಲ ಕಡತವನ್ನು ಮುಟ್ಟದೆ ಪಕ್ಕಕ್ಕೆ ಇಟ್ಟು ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ.

ಜನರನ್ನು ಮಾತಾಡಿಸುವಾಗ ‘ಇಂಟರ್ನೆಟ್ ನಿಮ್ಮ ಬಾಲ್ಯವನ್ನು ಹೇಗೆ ಬದಲಿಸಿತು’ ಎಂದು ಕೇಳಬೇಡಿ, ಭಾಷಣ ಬರುತ್ತದೆ. ಗಂಟೆಗೆ ಎಷ್ಟು ಕೊಡುತ್ತಿದ್ದಿರಿ, ಆ ದುಡ್ಡು ಎಲ್ಲಿಂದ ಬರುತ್ತಿತ್ತು, ಪಕ್ಕದ ಸೀಟಿನಲ್ಲಿ ಯಾರಿರುತ್ತಿದ್ದರು, ಮನೆಯಲ್ಲಿ ಏನೆಂದು ಹೇಳಿ ಹೊರಡುತ್ತಿದ್ದಿರಿ ಎಂದು ಕೇಳಿ.